ಕರಕರಿ ರೋಗ

ಲಗಮಣ್ಣನ ಕೂಗಿಗೆ ಕುರಿಗಳು ತಲೆ ಎತ್ತಲಿಲ್ಲ. ಆ ಮನೆಗೆ ಒದಗಿದ ನಷ್ಟ ಮೊದಲು ಗೊತ್ತಾದದ್ದು ಆ ಸಂಜೆ. ಗೊತ್ತಾದದ್ದು ಅವನ ತಾಯಿ ಸಿದ್ದವ್ವನಿಗೆ ಒಬ್ಬಳಿಗೇ.

ಕೊಯ್ನಾ ಭೂಕಂಪವಾಗಿ ವರ್ಷ ಕಳೆದಿತ್ತು. ಜತ್ತ ಸೀಮೆಯ ಸಂಖ ಊರಿನ ಹೊರಗೆ, ಹಳ್ಳದ ದಂಡೆಗೆ ಕುರುಬರ ವಸ್ತಿ. ಅದರಲ್ಲಿ ಸಿದ್ದವ್ವನ ಮನೆ ಎಲ್ಲಕ್ಕಿಂತ ಮುಂದಿನದು. ಹಿರಿಯ ಮಗ ಲಗಮಣ್ಣ, ಅವನ ಹೆಂಡತಿ ಬೀರವ್ವ. ಕಿರಿಯ ಮಗ ಶಿದ್ರಾಯ, ಅವನ ಹೆಂಡತಿ ಚಂದ್ರಾಬಾಯಿ. ಲಗಮಣ್ಣನಿಗೆ ಮಕ್ಕಳಾಗಿರಲಿಲ್ಲ. ಶಿದ್ರಾಯನಿಗೆ ಇಂದು ಎಂಬ ಪುಟ್ಟ ಮಗಳು. ಅವಳು ಹುಟ್ಟಿದ್ದು ತಾಯಿಯ ಮಡಿಲಲ್ಲಾದರೂ ಬೆಳೆದದ್ದು ದೊಡ್ಡಪ್ಪನ ಕಂಬಳಿಯೊಳಗೆ.

ಸಂಜೆ ಹಿಂಡು ಹಳ್ಳ ದಾಟುವ ಹೊತ್ತಿಗೆ ಲಗಮಣ್ಣ ದಂಡೆಯ ಮೇಲೆ ನಿಂತು ಒಮ್ಮೆ ಕೂಗಿದರೆ ಸಾಕಿತ್ತು. ಜಾಲಿಕಾಯಿಗೆ ಬಾಯಿ ಹಾಕಿದ ಕುರಿಯೂ ಬಿಟ್ಟು ಓಡಿ ಬರುತ್ತಿತ್ತು. ಆ ದಿನ ಅವನು ಕೂಗಿದ. ಒಡೆದ ಕೊಡಕ್ಕೆ ಕಲ್ಲು ತಾಗಿದಂತೆ ಸದ್ದು ಬಂತು. ಕುರಿಗಳು ಮೇಯುತ್ತಲೇ ಇದ್ದವು. ಮತ್ತೆ ಕೂಗಿದ. ಒಂದು ಮುದಿ ಕುರಿ ಕಿವಿ ಅಲ್ಲಾಡಿಸಿತು, ಅಷ್ಟೇ.

"ಯಣ್ಣಾ, ಕುರಿಗೂ ನಿನ್ನ ಮ್ಯಾಲ ಸಿಟ್ಟ ಬಂದೈತೇನು?" ಎಂದು ಶಿದ್ರಾಯ ನಕ್ಕು, ತಾನೇ ಕೂಗಿ ಹಿಂಡನ್ನು ಕರೆದ.

"ಈ ಸಲದ ಭಂಡಾರ ಭಾಳ ಗಂಟಲಕ್ಕ ಇಳದೈತೋ," ಎಂದ ಲಗಮಣ್ಣ, ಕೆಮ್ಮಿ.

ದೀಪಾವಳಿ ಆದ ಮೇಲೆ ಅಮೋಗಸಿದ್ದನ ಗುಡಿಯಲ್ಲಿ ಡೊಳ್ಳಿನ ಪದ ನಡೆದಾಗ ಲಗಮಣ್ಣನೇ ಮುಂದಿನ ಹಾಡುಗಾರ. ಮೇಲಿನಿಂದ ಅರಿಷಿಣದ ಭಂಡಾರ ಮಳೆಯಂತೆ ಬೀಳುತ್ತಿತ್ತು. ಅವನು ಬಾಯಿ ತೆರೆದು ಹಾಡುತ್ತಿದ್ದ. ಅಂದಿನಿಂದ ಧ್ವನಿ ಒಡೆದಿತ್ತು. ವಸ್ತಿಯವರು ಅದನ್ನು ರೋಗ ಎನ್ನಲಿಲ್ಲ. "ದೇವರ ಭಂಡಾರ ಗಂಟಲಾಗ ಕುಂತೈತಿ, ಪುಣ್ಯಾವಂತ," ಎಂದರು. ಸಿದ್ದವ್ವನೂ ಹಾಗೆಯೇ ನಂಬಿದ್ದಳು, ಬಂದವರ ಮುಂದೆ ಹೇಳಿಕೊಂಡು ಹಿಗ್ಗಿದ್ದಳು. ದಿನಾ ಹಾಲಿಗೆ ಮೆಣಸಿನ ಪುಡಿ, ತುಪ್ಪ ಹಾಕಿ ಕುಡಿಸುತ್ತಿದ್ದಳು.

ಆದರೆ ಆ ಸಂಜೆ ಹಳ್ಳದ ದಂಡೆಯಲ್ಲಿ ನಿಂತು ಆಕೆ ಯೋಚಿಸಿದಳು: ಭಂಡಾರ ಬಿದ್ದದ್ದು ಎಲ್ಲರ ಮೇಲೆ. ಡೊಳ್ಳು ಬಾರಿಸಿದವರು, ಕುಣಿದವರು, ಎಲ್ಲರ ಗಂಟಲೂ ವಾರದೊಳಗೆ ತೆರೆಯಿತು. ತನ್ನ ಮಗನದೇ ಯಾಕೆ ತೆರೆಯಲಿಲ್ಲ?

* * *

ಚಳಿಗಾಲದ ಉಣ್ಣೆ ಕತ್ತರಿಸುವ ದಿನ ಬಂತು. ಅಣ್ಣತಮ್ಮಂದಿರು ಕುರಿಗಳನ್ನು ಹಳ್ಳದಲ್ಲಿ ತೊಳೆದು ಅಂಗಳದಲ್ಲಿ ಕೆಡವಿಕೊಂಡು ಕುಳಿತರು. ಲಗಮಣ್ಣ ಕತ್ತರಿ ಹಿಡಿದ; ಹೆಬ್ಬೆರಳು ಕತ್ತರಿಯ ಬಳೆಯೊಳಗೆ ಹೋಗಲಿಲ್ಲ. ತಿರುಗಿಸಿ ಹಾಕಿದ. ಆಗಲೂ ಹೋಗಲಿಲ್ಲ.

"ಯಾರ ಕತ್ತರಿ ಇದು? ಹುಡುಗೂರದೇನು?"

"ನಿಂದ ಐತಿ ಯಣ್ಣಾ. ಅಪ್ಪನ ಕಾಲದಿಂದ ನೀನ ಹಿಡದಿ," ಎಂದ ಶಿದ್ರಾಯ.

ಸಿದ್ದವ್ವ ಮಗನ ಕೈ ಹಿಡಿದು ನೋಡಿದಳು. ಬೆರಳಿನ ತುದಿಗಳೆಲ್ಲ ದುಂಡಗೆ ಊದಿ, ಡೊಳ್ಳಿನ ಕೋಲಿನ ತುದಿಯಂತೆ ಆಗಿದ್ದವು. ಉಗುರುಗಳು ಬಾಗಿ ಕೆಳಗೆ ಇಳಿದಿದ್ದವು.

"ನೋವೈತೇನು?"

"ಬೆರಳಿಗಿಲ್ಲ. ಈ ಬಗಲಿಗೆ ಐತಿ. ಮರಿ ಹೊತ್ತ ಹೊತ್ತ ಹೆಗಲ ಹಿಡದೈತಿ."

"ಮರಿ ಹೊರೂದು ಹೋದ ವರ್ಷದಿಂದ ಶಿದ್ರಾಯನ ಕೆಲಸ ಐತೆಲೋ," ಎಂದಳು ಸಿದ್ದವ್ವ. ಮಗ ಬೀಡಿ ಹಚ್ಚಿದ. ಹೊಗೆ ಒಳಗೆ ಹೋಗುತ್ತಲೇ ಕೆಮ್ಮು ಬಂತು. ಕುರಿ ಬಿಟ್ಟು ಎದ್ದು ಗೋಡೆಯ ಹಿಂದೆ ಹೋದ.

ಅವನಿಗೆ ಮೊದಲು ಎಲೆ ಅಡಿಕೆಯ ಚಟ ಇರಲಿಲ್ಲ. ಈಚೆಗೆ ಎಲೆಯ ಸಂಚಿ ಸೊಂಟದಲ್ಲೇ ಇರುತ್ತಿತ್ತು. "ಬಾಯಿ ರುಚಿ ಕೆಟ್ಟೈತಿ ಅಂತಾರ," ಎಂದು ಬೀರವ್ವ ತಾನೇ ಸಂತೆಯಿಂದ ಎಲೆ ತರಿಸಿಕೊಡುತ್ತಿದ್ದಳು. ಅಂಗಳ ಗುಡಿಸುವುದು ಚಂದ್ರಾಬಾಯಿಯ ಪಾಲಿನ ಕೆಲಸ. ಭಾವ ಉಗಿದ ಕೆಂಪಿನ ಮೇಲೆ ಆಕೆ ದಿನಾ ಬೂದಿ ಚೆಲ್ಲಿ ಗುಡಿಸುತ್ತಿದ್ದಳು. ಒಂದು ಸೋಮವಾರ ಗುಡಿಸುತ್ತಿದ್ದವಳು ಪೊರಕೆ ಹಿಡಿದಂತೆಯೇ ನಿಂತುಬಿಟ್ಟಳು. ಸೋಮವಾರ ಲಗಮಣ್ಣನದು ಒಪ್ಪತ್ತು; ಆ ದಿನ ಅವನು ಎಲೆ ಮುಟ್ಟುವುದಿಲ್ಲ. ಆದರೂ ಗೋಡೆಯ ಬುಡದಲ್ಲಿ ಕೆಂಪು ಇತ್ತು.

ಆಕೆ ಪೊರಕೆ ಮೂಲೆಗೆ ಎಸೆದು ಒಳಗೆ ಬಂದಳು.

"ಅತ್ತಿ, ಒಂದ ಮಾತ ಹೇಳತೀನಿ, ಸಿಟ್ಟಿಗೇಳಬ್ಯಾಡ್ರಿ. ಭಾವಾರಿಗೆ ಕ್ಷಯ ಆಗೇತಿ."

ಬೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಿನ್ನ ಬಾಯಾಗ ಮಣ್ಣ ಬೀಳಲಿ!"

"ಬೀಳಲಿ ಅಕ್ಕಾ. ನಮ್ಮಣ್ಣಗ ಹಿಂಗ ಆಗಿತ್ತ. ಕೆಮ್ಮ, ರಗತ, ಮೈ ಇಳಿಯೂದು. ಮಿರಜದ ಕಡೆ ಕ್ಷಯದ ದವಾಖಾನ್ಯಾಗ ಒಂದ ಮಳಿಗಾಲ ಪೂರಾ ನಾನ ಅವನ ಕಾಲ ದೆಸಿ ಕುಂತೀನಿ. ಅವನೂ ಹೋದ. ಅವನ ತಾಟಿನಾಗ ಉಂಡ ನಮ್ಮ ತಂಗೀನೂ ಹೋದಳ. ನನಗ ಇರೂದ ಒಂದ ಕೂಸು."

"ಅಂದ್ರ? ಕಟಗೊಂಡ ಗಂಡನ್ನ ಹೊರಗ ಹಾಕಂತೀಯೇನು?"

"ಮನಿ ಬಿಡಸ್ರಿ ಅಂದ್ನೇನು ನಾನು? ತಾಟ ಬ್ಯಾರೆ ಮಾಡ್ರಿ ಅಂದೆ. ಇಂದೂನ್ನ ಅವರ ಹಾಸಿಗ್ಯಾಗ ಮಲಗಸಬ್ಯಾಡ್ರಿ ಅಂದೆ."

"ತಾಟ ಬ್ಯಾರೆ ಆದ ಮ್ಯಾಲ ಮನಿ ಎಲ್ಲಿ ಉಳಿತೈತಿ?" ಎಂದಳು ಸಿದ್ದವ್ವ.

ಆ ಮನೆಯಲ್ಲಿ ಒಂದು ಕಂಚಿನ ದೊಡ್ಡ ಗಂಗಾಳವಿತ್ತು. ಅಣ್ಣತಮ್ಮಂದಿರು ಹಾಲು ಹಲ್ಲಿನ ಕಾಲದಿಂದ ಅದರಲ್ಲಿಯೇ ಎದುರು ಬದುರು ಕುಳಿತು ಉಣ್ಣುತ್ತಿದ್ದರು. ಅವರ ತಂದೆ ಪ್ರಾಣ ಬಿಡುವಾಗ ಹೇಳಿದ್ದೂ ಅದನ್ನೇ: ಹೊಲ, ಕುರಿ ಏನಾದರೂ ಆಗಲಿ, ಈ ಗಂಗಾಳ ಎರಡಾಗದಂತೆ ನೋಡಿಕೋ. ಸಿದ್ದವ್ವ ಇಷ್ಟು ವರ್ಷ ಆ ಮಾತು ಕಾದಿದ್ದಳು. ವಸ್ತಿಯಲ್ಲಿ ಎಲ್ಲ ಮನೆಗಳೂ ಹೋಳಾಗಿದ್ದವು, ಅವಳದೊಂದು ಉಳಿದಿತ್ತು. ಅದು ಅವಳ ಜೀವದ ಹೆಮ್ಮೆ.

ಹೆಂಗಸರ ಮಾತು ನಡೆದಾಗಲೇ ಲಗಮಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಯಾರ ಕಡೆಗೂ ನೋಡದೆ ನೆಲುವಿನ ಮೇಲಿನ ಜರ್ಮನ್ ಅಲ್ಯೂಮಿನಿಯಂ ತಾಟು ಇಳಿಸಿಕೊಂಡ.

"ಚಂದ್ರವ್ವ ಹೇಳೂದು ಖರೆ ಐತಿ. ನನಗೂ ಹಂಗ ಅನಸತಿತ್ತು. ಬೀರವ್ವಾ, ಇದರಾಗ ಎರಡ ರೊಟ್ಟಿ ಹಾಕ. ನಾ ಕುರಿಹಟ್ಟ್ಯಾಗ ಉಣ್ತೀನಿ."

ದೊಡ್ಡಪ್ಪನ ಹಿಂದೆ ಓಡಿದ ಇಂದುವನ್ನು ಚಂದ್ರಾಬಾಯಿ ರಟ್ಟೆ ಹಿಡಿದು ಎಳೆದುಕೊಂಡಳು. ಮಗು ಅತ್ತಿತು. ಮಧ್ಯಾಹ್ನ ಶಿದ್ರಾಯ ಬಂದು ಗಂಗಾಳದ ಮುಂದೆ ಕುಳಿತ. ಎದುರಿಗೆ ಯಾರೂ ಇರಲಿಲ್ಲ. ಕಾರಣ ಕೇಳಿ, ಉಣ್ಣದೆ ಎದ್ದುಹೋದ.

* * *

ಅಂದಿನಿಂದ ಮನೆಯಲ್ಲಿ ಮಾತೆಲ್ಲ ಪಾತ್ರೆಗಳ ಸದ್ದಾಯಿತು. ಬೀರವ್ವ ಕೊಡ ಇಟ್ಟರೆ ಧಡ್, ಚಂದ್ರಾಬಾಯಿ ತವೆ ಇಟ್ಟರೆ ಧಡ್. ಒಬ್ಬಳು ಬೀಸಿದ ಹಿಟ್ಟನ್ನು ಇನ್ನೊಬ್ಬಳು ಮುಟ್ಟಲಿಲ್ಲ. ಸುದ್ದಿ ಹೊರಗೂ ಹೋಯಿತು. ದಿನಾ ಮಜ್ಜಿಗೆಗೆ ಬರುತ್ತಿದ್ದ ಪಕ್ಕದ ಮನೆಯ ಮಲಕವ್ವ ಗಡಿಗೆ ತರುವುದನ್ನು ಬಿಟ್ಟಳು. "ಗಡಿಗಿ ಒಡದೈತ್ರಿ," ಎಂದಳು, ಕಂಕುಳಲ್ಲಿ ಗಡಿಗೆ ಇಟ್ಟುಕೊಂಡೇ.

ಸಿದ್ದವ್ವ ಅಮೋಗಸಿದ್ದನಿಗೆ ಟಗರು ಹರಕೆ ಹೊತ್ತಳು. ನಾಟಿ ಔಷಧಿಯವರು ಆಡುಸೋಗೆ ಕಷಾಯ ಕೊಟ್ಟರು. ಕಷಾಯಕ್ಕೆ ಕೆಮ್ಮು ಬಗ್ಗಲಿಲ್ಲ. ಲಗಮಣ್ಣನ ಉಡದಾರ ಎರಡು ಸಲ ಗಂಟು ಹಾಕಿದರೂ ಜಾರುತ್ತಿತ್ತು. ಹಳ್ಳದ ಏರು ಹತ್ತಲು ನಡುವೆ ಕೂಡಬೇಕಾಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಚಂದ್ರಾಬಾಯಿ ಗಂಡನಿಗೆ ಹೇಳಿಬಿಟ್ಟಳು: "ಒಂದ ಮಾತ ತೀರಸ್ರಿ. ಭಾವಾರನ್ನ ದವಾಖಾನಿಗೆ ಒಯ್ಯಿರಿ. ಇಲ್ಲಂದ್ರ ನಾವು ಬ್ಯಾರೆ ಆಗೂಣು."

"ಬ್ಯಾರೆ ಅನ್ನೂ ಮಾತ ಇನ್ನೊಮ್ಮೆ ಆಡಿದಿ ಅಂದ್ರ ನಿನ್ನ ತವರಮನಿ ಮಾಲಗಾಂವಿಗೆ ಗಾಡಿ ಹತ್ತಸ್ತೀನಿ."

"ಹತ್ತಸ್ರಿ. ಕೂಸಿನ್ನ ಕರಕೊಂಡ ಹತ್ತತೀನಿ."

ಗೋಡೆಯಾಚೆ ಸಿದ್ದವ್ವ ಎಲ್ಲ ಕೇಳಿದಳು. ಸೊಸೆಯ ಮೇಲೆ ಸಿಟ್ಟು ಬಂತು. ಆದರೆ ಸೊಸೆ ಆಡಿದ ಎರಡು ಮಾತಿನಲ್ಲಿ ಮೊದಲನೆಯದು ಸರಿಯೆಂದು ಆಕೆಗೆ ಒಳಗೆ ಗೊತ್ತಿತ್ತು.

ಮರುದಿನ ಆಕೆ ಬೋಗಾಣಿಯಲ್ಲಿ ಸಜ್ಜೆಯ ಅಂಬಲಿ ತೆಗೆದುಕೊಂಡು ಕುರಿಹಟ್ಟಿಗೆ ಹೋದಳು.

"ಮಿರಜಕ್ಕ ಹೋಗ್ರಿ ಅಣ್ಣತಮ್ಮರು."

"ಬ್ಯಾಡ ಯವ್ವಾ. ಹೋದ್ರ ಕ್ಷಯ ಅಂತ ಹೇಳತಾರ. ಈಗ ಊರ ಬರೇ ಸಂಶೇ ಪಡತೈತಿ. ಆಮ್ಯಾಲ ಖಾತ್ರಿ ಆಗತೈತಿ. ನಮ್ಮ ಮನಿ ನೀರ ಯಾರೂ ಕುಡಿಯೂದಿಲ್ಲ. ನಾಳೆ ಇಂದೂನ್ನ ಯಾರ ಮಾಡಕೋತಾರ?"

"ಹೋಗೂದಿಲ್ಲಾ?"

"ಇಲ್ಲ."

ಸಿದ್ದವ್ವ ಅವನ ಮುಂದೆ ಕುಳಿತು, ಅವನ ಜರ್ಮನ್ ತಾಟು ತನ್ನ ಕಡೆ ಎಳೆದುಕೊಂಡು, ಅಂಬಲಿ ಸುರಿದುಕೊಂಡು, ಅವನು ಕಚ್ಚಿಟ್ಟಿದ್ದ ರೊಟ್ಟಿಯ ಚೂರನ್ನು ಅದರಲ್ಲಿ ಮುಳುಗಿಸಿದಳು.

"ಏನ ಮಾಡ್ತಿ ಯವ್ವಾ!"

"ಉಣ್ತೀನಿ. ಇವತ್ತಿಂದ ಎರಡೂ ಹೊತ್ತ ಇದರಾಗ ಉಣ್ತೀನಿ. ನಿನ್ನ ರೋಗ ನನಗ ಹತ್ತಲಿ. ಇಬ್ಬರೂ ಕೂಡಿ ಹೋಗೂಣು."

ಲಗಮಣ್ಣ ತಾಯಿಯ ಕೈ ಹಿಡಿದುಕೊಂಡ. ಆ ಮುದುಕಿಯ ಕೈಯಲ್ಲಿ ಕುರಿಯ ಕೊಂಬು ಹಿಡಿದ ಬಲ ಇತ್ತು; ಅವನ ಕೈಯಲ್ಲಿ ಇರಲಿಲ್ಲ. ರೊಟ್ಟಿ ಅವಳ ಬಾಯಿಯ ಹತ್ತಿರ ಹೋಯಿತು.

"ಹೋಗ್ತೀನಿ ಯವ್ವಾ, ಹೋಗ್ತೀನಿ! ಕೆಳಗಿಡು!"

"ಆಣಿ ಮಾಡು."

"ಅಮೋಗಸಿದ್ದನ ಆಣಿ."

ಸಿದ್ದವ್ವ ರೊಟ್ಟಿ ಕೆಳಗಿಟ್ಟಳು. "ಸಣ್ಣವಿದ್ದಾಗ ಔಷಧ ಕುಡಿಸಲಾಕೂ ನಿನಗ ಹಿಂಗ ಹೆದರಸಬೇಕಾಗಿತ್ತ," ಎಂದು ಸೆರಗಿನಿಂದ ಕೈ ಒರೆಸಿಕೊಂಡಳು.

* * *

ಅಣ್ಣತಮ್ಮಂದಿರು ಜತ್ತಕ್ಕೆ ಹೋಗಿ ಅಲ್ಲಿಂದ ಮಿರಜದ ಗಾಡಿ ಹಿಡಿದರು. ಮನೆಯಲ್ಲಿ ಉಳಿದ ಹೆಂಗಸರು ಕುರಿ ಕಾಯ್ದರು, ಹಿಂಡಿದರು, ಒಬ್ಬರ ಮುಖ ಒಬ್ಬರು ನೋಡದೆ ರೊಟ್ಟಿ ತಿಂದರು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಇನ್ನೂ ಹಳ್ಳದ ಆಚೆ ಇರುವಾಗಲೇ ಶಿದ್ರಾಯನ ಕೂಗು ಕೇಳಿತು.

"ಯವ್ವಾ! ಕ್ಷಯ ಅಲ್ಲಾ! ಕ್ಷಯ ಅಲ್ಲವಾ!"

ವಸ್ತಿಯೆಲ್ಲ ಬಾಗಿಲಿಗೆ ಬಂತು. ಶಿದ್ರಾಯ ಅಣ್ಣನ ಗಂಟನ್ನು ತಾನೇ ಹೊತ್ತಿದ್ದ, ಮುಖವೆಲ್ಲ ನಗೆ.

"ಎದಿ ಫೋಟೋ ತಗದ್ರು. ಉಗುಳ ತಪಾಸ ಮಾಡಿದ್ರು. ಕ್ಷಯ ಅಲ್ಲೇ ಅಲ್ಲ ಅಂದ್ರು. ಅಂಟೂ ರೋಗನ ಅಲ್ಲಂತ. ಇದು ಬರೇ ಕರಕರಿ ರೋಗ ಅಂತ!"

"ಕರಕರಿ ರೋಗ ಅಂದ್ರ?" ಎಂದಳು ಬೀರವ್ವ.

"ಮತ್ತ, ಗಂಟಲಾಗ ಕರ ಕರ ಅಂತೈತೆಲ್ಲ, ಅದು. ಡಾಕ್ಟರ ಅಣ್ಣನ ಜೋಡಿ ಮಾತಾಡುವಾಗ ಅಣ್ಣ ನನಗ ಬಾಳಿಹಣ್ಣ ತರಲಾಕ ಕಳಸಿದ. ತಿರುಗಿ ಬಂದಾಗ ಬಾಗಲದಾಗ ನರ್ಸಬಾಯಿ ಒಬ್ಬಾಕಿ ಮರಾಠ್ಯಾಗ ಹೇಳಿದಳ. ಕರಕರಿ ಅಂತನ ಅಂದಳ. ಹೌದಿಲ್ಲೋ ಯಣ್ಣಾ?"

"ಹೌದೋ," ಎಂದ ಲಗಮಣ್ಣ, ಕಟ್ಟೆಯ ಮೇಲೆ ಕೂಡುತ್ತ. "ಭಾಳ ಕರಕರಿ."

ವಸ್ತಿಯವರು ನಕ್ಕರು. ಬೀರವ್ವ ದೇವರ ಮಾಡದ ಮುಂದೆ ಹೋಗಿ ಅಡ್ಡಬಿದ್ದಳು. ಒಲೆಯ ಮುಂದೆ ಕುಳಿತಿದ್ದ ಚಂದ್ರಾಬಾಯಿಯ ಕೈಯಲ್ಲಿ ರೊಟ್ಟಿ ಹಾಗೆಯೇ ಇತ್ತು. ತವೆಯ ಮೇಲಿನದು ಸುಟ್ಟು ಹೊಗೆ ಎದ್ದರೂ ಆಕೆ ತಿರುವಲಿಲ್ಲ.

ಆಮೇಲೆ ಎದ್ದಳು. ಗೋಡೆಗೆ ಒರಗಿಸಿದ್ದ ಗಂಗಾಳವನ್ನು ಹಿತ್ತಲಿಗೆ ಒಯ್ದು, ಹುಣಸೆಹಣ್ಣು ಹಚ್ಚಿ ಬಂಗಾರದಂತೆ ತಿಕ್ಕಿ ತಂದಳು. ನಡುಮನೆಯಲ್ಲಿ ಇಟ್ಟು ಎರಡು ಮಣೆ ಹಾಕಿದಳು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ತಾನೇ ಬಡಿಸಿದಳು.

"ಭಾವಾ, ಬರ್ರಿ. ನಿಮ್ಮ ಜಾಗಾದಾಗ ಕುಂದ್ರಿ."

ಆಕೆ ಮೊಸರು ಬಡಿಸುವಾಗ ಗಂಗಾಳದ ಅಂಚಿಗೆ ಚಮಚೆ ಟಣ್ ಟಣ್ ಎಂದು ತಾಗಿದ ಸದ್ದನ್ನು ಸಿದ್ದವ್ವ ಕೇಳಿದಳು. ಪುಟ್ಟ ಇಂದು ಓಡಿ ಬಂದು ದೊಡ್ಡಪ್ಪನ ತೊಡೆ ಏರಿದಳು. ಎಲ್ಲರೂ ಚಂದ್ರಾಬಾಯಿಯ ಕಡೆ ನೋಡಿದರು.

"ಕುಂದ್ರಲಿ ಬಿಡ್ರಿ," ಎಂದಳು ಆಕೆ.

ಅಣ್ಣತಮ್ಮಂದಿರು ಉಂಡರು. ಲಗಮಣ್ಣ ತಿಂದದ್ದು ಅರ್ಧ ರೊಟ್ಟಿ. ಮಿಕ್ಕದ್ದನ್ನೆಲ್ಲ ಒಂದೊಂದು ತುತ್ತಾಗಿ ತಮ್ಮನ ಕಡೆಗೆ ಸರಿಸಿದ. ಸಿದ್ದವ್ವನಿಗೆ ತನ್ನ ಮನೆ ಮರಳಿ ಬಂದಂತಾಯಿತು. ಆದರೂ ಆ ಚಮಚೆಯ ಸದ್ದು ಆಕೆಯ ಕಿವಿಯಲ್ಲಿ ಉಳಿಯಿತು.

* * *

ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಅತ್ತೆ ಸೊಸೆ ಎದುರಾಗಿ ಕುಳಿತರು.

"ಚಂದ್ರವ್ವಾ, ಖರೆ ಹೇಳು. ಏನ ರೋಗ ಅದು?"

"ನಿಮ್ಮ ಮಗ ಹೇಳಿದರಲ್ಲ."

"ನನ್ನ ಮಗ ಹೇಳಿದಾಗ ನಿನ್ನ ರೊಟ್ಟಿ ಸುಟ್ಟತು. ಈ ಮನಿಗೆ ಬಂದಾಗಿಂದ ನೀ ಒಂದ ರೊಟ್ಟೀನೂ ಸುಟ್ಟಾಕಿ ಅಲ್ಲ."

ಕಲ್ಲು ನಿಂತಿತು. ಕಣ್ಣೀರು ಹಿಟ್ಟಿಗೆ ಬೀಳದಂತೆ ಚಂದ್ರಾಬಾಯಿ ಮುಖ ತಿರುಗಿಸಿದಳು.

"ಅದು ಕರಕರಿ ಅಲ್ರಿ ಅತ್ತಿ. ಕರ್ಕರೋಗ. ಕ್ಯಾನ್ಸರ ಅಂತಾರಲ್ಲ, ಅದು. ನಮ್ಮಣ್ಣನ ಫೋಟೋ ತಗಸಲಾಕ ದೊಡ್ಡ ದವಾಖಾನಿಗೆ ಹೋದಾಗ ಆ ಮಾತ ಕೇಳೀನಿ. ಒಬ್ಬ ಮುದುಕ ಇದ್ದ. ಬೀಡಿ ಬಿಟ್ಟವನ ಅಲ್ಲ. ಅವಗೂ ಹಿಂಗ ಧ್ವನಿ ಒಡದಿತ್ತು. ಬೆರಳ ಹಿಂಗ ಗುಂಡಗ ಆಗಿದ್ದು. ಎದಿಯೊಳಗಿನ ಪುಪ್ಪಸದಾಗ ಗಂಟ ಬೆಳೀತೈತಂತ. ನಾ ಎಲ್ಲಾ ನೋಡಿದ್ದೆ, ಆದರ ಕೆಂಪ ಕಂಡ ಕೂಡಲೆ ಕ್ಷಯನ ಅಂದೆ. ನಮ್ಮಣ್ಣನ ಮಾರಿ ಒಂದ ಕಣ್ಣಮುಂದ ನಿಂತತು."

"ಅದಕ್ಕ ಔಷಧ?"

"ಕ್ಷಯ ಆಗಿದ್ರ ಚಲೋ ಇತ್ತ ಅತ್ತಿ. ಅದಕ್ಕ ಈಗ ಸೂಜಿ ಐತಿ."

ಸಿದ್ದವ್ವ ಕಲ್ಲಿನ ಗೂಟ ಬಿಟ್ಟು ಎದ್ದಳು. ಲಗಮಣ್ಣ ಅಂಗಳದ ಬಿಸಿಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ. ತಾಯಿ ಎದುರಿಗೆ ನಿಂತದ್ದು ನೋಡಿ ಅವನಿಗೆ ತಿಳಿಯಿತು.

"ಡಾಕ್ಟರ ಏನಂದ ಲಗಮಾ?"

"ಮೊದಲ ನನ್ನ ಕೈ ಬೆರಳ ನೋಡಿದ ಯವ್ವಾ, ಎದಿ ಮುಟ್ಟಲಿಲ್ಲ. ಬೀಡಿ ಎಷ್ಟ ಸೇದತಿ ಅಂದ. ಧ್ವನಿ ಒಡದ ಕೂಡಲೆ ಬಂದಿದ್ರ ಕೊಯ್ದ ತಗೀಲಾಕ ಬರ್ತಿತ್ತೋ ಏನೋ, ಈಗ ಹೊತ್ತ ಮೀರೇತಿ ಅಂದ. ಮುಂಬೈಕ್ಕ ಹೋದ್ರ ಗಂಟ ಸುಡಲಾಕ ಮಿಶಿನ್ನಿನ ಬೆಳಕ ಹಾಯಸ್ತಾರ, ಆದರ ಖಾತ್ರಿ ಇಲ್ಲ ಅಂದ."

"ನೀ ಏನಂದಿ?"

"ಒಂದ ಕೇಳಿದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟತೈತೇನ್ರಿ ಸಾಹೇಬ್ರ ಅಂದೆ. ಇಲ್ಲ, ಒಂದ ತಾಟಿನಾಗ ಉಂಡ್ರೂ ಅಂಟೂದಿಲ್ಲ ಅಂದ. ಹಂಗಾದ್ರ ನಾ ಮನಿಗೆ ಹೋಗ್ತೀನ್ರಿ ಅಂದೆ. ಅವಾ ನನ್ನ ಮಾರಿ ನೋಡಿದ. ಸಾಯೂ ಸುದ್ದಿ ಹೇಳಿದ್ರ ನಗತಾನಲ್ಲ ಅಂತ ಅನಿಸಿರಬೇಕು."

ಸಿದ್ದವ್ವ ಅಳಲಿಲ್ಲ. ಊರಲ್ಲಿ ಮಕ್ಕಳನ್ನು ಹೆತ್ತವರು ಬಹಳ. ಹೀಗೆ ನಕ್ಕು ಮನೆಗೆ ಬರುವ ಮಗನನ್ನು ಹೆತ್ತವಳು ತಾನೊಬ್ಬಳೇ ಎಂದು ಆ ಕ್ಷಣ ಆಕೆಗೆ ಅನ್ನಿಸಿತು. ಅವನ ತಲೆಯ ಮೇಲೆ ಕೈ ಇಟ್ಟಳು.

"ಬೀರವ್ವಗ ಗೊತ್ತೇನು?"

"ನಿನ್ನೀನ ಹೇಳೀನಿ. ಶಿದ್ರಾಯಗ ಬ್ಯಾಡ. ಅವನ ಪಾಲಿಗೆ ಕರಕರಿನ ಇರಲಿ. ಎಷ್ಟ ಖುಷೀಲೆ ಹೇಳತಾನ ನೋಡು."

ಹೀಗೆ ಆ ಮನೆಯಲ್ಲಿ ಮಾತು ತಂದವನೊಬ್ಬನನ್ನು ಬಿಟ್ಟು ಹಿರಿಯರಿಗೆಲ್ಲ ಮಾತಿನ ಅರ್ಥ ಗೊತ್ತಿತ್ತು. ಬೀರವ್ವ, ಚಂದ್ರಾಬಾಯಿ ಮತ್ತೆ ಒಂದೇ ಒಲೆಯ ಮುಂದೆ ಕುಳಿತರು. "ನೀ ಅಂದದ್ದ ತಪ್ಪಾದ್ರೂ ದವಾಖಾನಿ ಕಾಣಿಸಿದಾಕಿ ನೀನು," ಎಂದಳು ಬೀರವ್ವ ಒಮ್ಮೆ. "ಮಣ್ಣ ಬೀಳಲಿ ಅಂದಿದ್ದಿ," ಎಂದಳು ಚಂದ್ರಾಬಾಯಿ. "ಅಂದೆ. ಈಗ ಸಕ್ರಿ ಬೀಳಲಿ ಅಂತೀನಿ, ಸಕ್ರಿ ಎಲ್ಲೈತಿ ಮನ್ಯಾಗ?" ಇಬ್ಬರೂ ನಕ್ಕರು, ನಕ್ಕು ಅತ್ತರು. ಲಗಮಣ್ಣನಿಗೆ ರೊಟ್ಟಿ ಇಳಿಯದಾದಾಗ ಚಂದ್ರಾಬಾಯಿ ನುಚ್ಚು ಬೇಯಿಸಿ ಮಜ್ಜಿಗೆಯಲ್ಲಿ ಕಲಸಿ, ಅದೇ ಗಂಗಾಳದಲ್ಲಿ ಅವನ ಮುಂದೆ ಇಡುತ್ತಿದ್ದಳು.

ಶಿದ್ರಾಯ ಮಾತ್ರ ಸಂತೆಯಲ್ಲಿ ಕಂಡವರಿಗೆಲ್ಲ ಹೇಳುತ್ತ ತಿರುಗಿದ. ಹೋಳಿ ಹುಣ್ಣಿಮೆ ಆದ ಮೇಲೆ ಒಂದು ದಿನ ಕಾಳಿನ ಅಂಗಡಿಯ ಶಿವಯೋಗೆಪ್ಪನ ಮುಂದೆಯೂ ಹೇಳಿದ. ಶಿವಯೋಗೆಪ್ಪ ಮರಾಠಿ ಪತ್ರಿಕೆ ಓದುವವರು. ತಕ್ಕಡಿ ಕೆಳಗಿಟ್ಟು, "ಕರಕರಿ ಅಲ್ಲೋ ತಮ್ಮಾ," ಎಂದು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೆಲ್ಲಗೆ ಹೇಳಿದರು.

ಶಿದ್ರಾಯ ಕೊಂಡ ಕಾಳನ್ನು ಅಲ್ಲಿಯೇ ಬಿಟ್ಟು ಓಡಿ ಬಂದ.

"ಎಲ್ಲಾರಿಗೂ ಗೊತ್ತಿತ್ತು! ನನ್ನೊಬ್ಬನ್ನ ಹುಚ್ಚನ್ನ ಮಾಡಿದ್ರಿ! ಊರ ತುಂಬ ನಕ್ಕೋತ ತಿರಿಗ್ಯಾಡೀನಿ ನಾ!"

ಲಗಮಣ್ಣನಿಗೆ ಆಗ ಪಿಸುಮಾತು ಮಾತ್ರ ಉಳಿದಿತ್ತು. "ನೀ ನಕ್ಕೋತ ತಿರಿಗ್ಯಾಡಿದ್ದಕ್ಕ ನನ್ನ ಮನಿ ನಕ್ಕತಲೋ. ಬಾ, ಕುಂದ್ರು. ನುಚ್ಚ ಆರತೈತಿ."

"ನನಗ ಬ್ಯಾಡ."

"ನಾ ಒಬ್ಬವ್ನ ಉಣ್ಲೇನು?"

ಶಿದ್ರಾಯ ಕಣ್ಣು ಒರೆಸಿಕೊಂಡು ಗಂಗಾಳದ ಎದುರು ಕುಳಿತ.

* * *

ಆಮೇಲಿನ ದಿನಗಳಲ್ಲಿ ಲಗಮಣ್ಣ ಒಂದು ಕೆಲಸ ಹಿಡಿದ. ಕುರಿಗಾರರು ನೋಡಲು ಬಂದರೆ ಮೊದಲು ಅವರ ಕೈ ಹಿಡಿದು ಬೆರಳು ನೋಡುತ್ತಿದ್ದ. ಆಮೇಲೆ ತನ್ನ ಬೆರಳು ತೋರಿಸುತ್ತಿದ್ದ. ಪಿಸುಮಾತನ್ನು ಬೀರವ್ವ ಗಟ್ಟಿಯಾಗಿ ಹೇಳುತ್ತಿದ್ದಳು.

"ಗಂಟಲ ಒಡದದ್ದು ವಾರ ಎರಡ ವಾರದಾಗ ತೆರೀಲಿಲ್ಲಂದ್ರ ಭಂಡಾರ ಅಂತ ಕುಂದ್ರಬ್ಯಾಡ್ರಿ ಅಂತಾರ. ಉಗುಳಿನಾಗ ಒಂದ ಎಳಿ ಕೆಂಪ ಕಂಡ್ರೂ ಎಲಿ ತಿಂದ ಮುಚ್ಚಬ್ಯಾಡ್ರಿ ಅಂತಾರ. ಮೈ ಇಳದ್ರ, ಬಗಲ ನೋಯಿಸಿದ್ರ ಗಾಡಿ ಹತ್ರಿ ಅಂತಾರ."

"ಬೀಡಿ?" ಎಂದು ಒಬ್ಬ ಮುದುಕ ಕಿವಿಯ ಮೇಲಿನ ಬೀಡಿ ಮುಟ್ಟಿಕೊಂಡು ಕೇಳಿದ.

ಲಗಮಣ್ಣ ಕೈ ಚಾಚಿದ. ಮುದುಕ ಬೀಡಿ ಕೊಟ್ಟ. ಲಗಮಣ್ಣ ಅದನ್ನು ಒಲೆಗೆ ಎಸೆದ. ಮುದುಕನಿಗೆ ಅಂದು ಸಿಟ್ಟೇ ಬಂತು.

ಯುಗಾದಿಯ ಪಾಡ್ಯ ಕಳೆದ ಮೇಲೆ, ಒಂದು ಬೆಳಗ್ಗೆ ಚಂದ್ರಾಬಾಯಿ ನುಚ್ಚು ತರುವಷ್ಟರಲ್ಲಿ ಲಗಮಣ್ಣನ ಉಸಿರು ನಿಂತಿತು. ತಲೆ ತಾಯಿಯ ತೊಡೆಯ ಮೇಲಿತ್ತು.

ಅಂದು ಮಧ್ಯಾಹ್ನ ಅವನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಬೀಗರು, ವಸ್ತಿಯವರು, ದೂರದ ಶೇಗಾಂವದಿಂದ ಬಂದ ಕುರಿಗಾರರು ಬಹಳ ಜನ ಸೇರಿದ್ದರು. ಮರಳಿ ಬಂದು ಅಂಗಳದ ಆಚೆಯೇ ನಿಂತರು. ಮಣ್ಣು ಕೊಟ್ಟು ಬಂದವರು ಸತ್ತವರ ಮನೆಯಲ್ಲಿ ಒಂದು ಗುಟುಕು ನೀರಾದರೂ ಕುಡಿದು ಹೋಗುವುದು ಆ ಕಡೆಯ ರೂಢಿ. ಶಿದ್ರಾಯ ತುಂಬಿದ ತಂಬಿಗೆ ಹಿಡಿದು ನಿಂತ. ಯಾರೂ ಕೈ ಮುಂದೆ ಮಾಡಲಿಲ್ಲ. ಎದೆಯ ರೋಗ ಎದೆಯ ರೋಗವೇ ಎಂದು ಯಾರೋ ಹಿಂದೆ ಗೊಣಗಿದ್ದು ಕೇಳಿಸಿತು.

ಸಿದ್ದವ್ವ ಬಾಗಿಲಿಗೆ ಬಂದಳು. ಅತ್ತು ಅತ್ತು ದನಿ ಬಿದ್ದಿರುತ್ತದೆ ಎಂದುಕೊಂಡಿದ್ದರು. ಆಕೆಯ ದನಿ ಗಟ್ಟಿಯಾಗಿತ್ತು.

"ನನ್ನ ಮಗ ಕರ್ಕರೋಗದಿಂದ ಹೋದ. ಕರಕರಿ ಅಲ್ಲ, ಕ್ಷಯ ಅಲ್ಲ. ಕರ್ಕರೋಗ. ಹೆಸರ ಹೇಳಲಾಕ ನನಗ ನಾಚಿಕಿ ಇಲ್ಲ. ಈ ಮನ್ಯಾಗ ಅವನ ಜೋಡಿ ಒಂದ ಗಂಗಾಳದಾಗ ಅವನ ತಮ್ಮ ಉಂಡಾನ, ನನ್ನ ಮೊಮ್ಮಗಳ ಉಂಡಾಳ. ಸಾಯ್ತೀನಿ ಅಂತ ಗೊತ್ತಾದಾಗೂ ನಿಮ್ಮ ನಿಮ್ಮ ಬೆರಳ ನೋಡಿ ನಿಮ್ಮ ಜೀವದ ಚಿಂತಿ ಮಾಡಿದಂವ ಅವನು. ಅಂಥವನ ಮನಿ ನೀರ ಬ್ಯಾಡ ಅನ್ನವರು ಹೋಗಬಹುದು. ಹಾದಿ ಅಲ್ಲೈತಿ."

ಯಾರೂ ಕದಲಲಿಲ್ಲ. ಆಗ ಚಂದ್ರಾಬಾಯಿ ಗಂಡನ ಕೈಯಿಂದ ತಂಬಿಗೆ ತೆಗೆದುಕೊಂಡು ನೇರ ಮಲಕವ್ವನ ಮುಂದೆ ಹೋಗಿ ನಿಂತಳು.

"ಕ್ಷಯ ಅಂತ ಮೊದಲ ಅಂದಾಕಿ ನಾನು. ಅಲ್ಲ ಅಂತ ಹೇಳಾಕೀನೂ ನಾನ. ಹಿಡೀರಿ."

ಮಲಕವ್ವ ಆಕೆಯ ಮುಖ ನೋಡಿದಳು. ತಲೆ ತಗ್ಗಿಸಿ ಬೊಗಸೆ ಒಡ್ಡಿ ಕುಡಿದಳು. ಆಕೆಯ ಹಿಂದೆ ಆ ಬೀಡಿಯ ಮುದುಕ ಬಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಬೀರವ್ವ ಒಳಗಿನಿಂದ ಕೊಡದ ಮೇಲೆ ಕೊಡ ತಂದು ಇಟ್ಟಳು. ಸಂಜೆಯೊಳಗೆ ನೀರಿನ ಹರವಿ ಬರಿದಾಯಿತು.

ಜನ ಚದುರಿದ ಮೇಲೆ ಸಿದ್ದವ್ವ ದೇವರ ಮಾಡದ ಮುಂದೆ ಕುಳಿತು ಕೈ ಮುಗಿದಳು. ಸೊಸೆಯಂದಿರಿಬ್ಬರೂ ಆಕೆಯ ಎಡಬಲಕ್ಕೆ ಕುಳಿತರು. ಶಿದ್ರಾಯ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದೆ ನಿಂತ.

"ಅಪ್ಪಾ ಅಮೋಗಸಿದ್ದಾ, ನೀ ಕೊಟ್ಟ ಮಗನ್ನ ನೀನ ಕರಕೊಂಡಿ. ನಿನ್ನ ಕೂಡ ಜಗಳ ಇಲ್ಲ. ಕೊಟ್ಟಾಗ ಚೊಕ್ಕ ಕೊಟ್ಟಿದ್ದಿ, ಚೊಕ್ಕನ ತಿರುಗಿ ಕೊಟ್ಟೀನಿ. ಅವಗ ಉಸರಿನ ಕಷ್ಟ ಭಾಳ ಆತ ತಂದೆ. ಅಲ್ಲಿ ಆಗದಂಗ ನೋಡಿಕೋ. ನಿನ್ನ ಪಾದದ ನೆರಳಿನಾಗ ಕೂಡಸಿಕೋ. ನನ್ನ ಲಗಮಣ್ಣನ ಜೀವಕ್ಕ ಶಾಂತಿ ಕೊಡಪ್ಪಾ, ಶಾಂತಿ ಕೊಡು."